ಅಡವಿಯ ಶೋಧನೆ, ಗೊಲ್ಗೊಥಾದ ಶಿಲುಬೆ: ಸೈತಾನನ ಉದ್ದೇಶವಿಚಾರ

ಹೊಸದೆಹಲಿಯಲ್ಲಿ ರಾಷ್ಟ್ರಪತಿಭವನಕ್ಕೂ ಸಂಸತ್ತಿಗೂ ಸಮೀಪದಲ್ಲಿ ನಿಂತಿರುವ ದೊಡ್ಡ ಕ್ರೈಸ್ತ ದೇವಾಲಯವನ್ನು ರಾಜಧಾನಿಯ ಕನ್ನಡಿಗರಲ್ಲಿ ಅನೇಕರು ಹೊರಗಿನಿಂದಲಾದರೂ ಕಂಡಿರಬಹುದು. ಹೆನ್ರಿ ಮೆಡ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1927ರಲ್ಲಿ ಅಡಿಗಲ್ಲನ್ನು ಪಡೆದು 1931ರಲ್ಲಿ ಪ್ರತಿಷ್ಠಿತವಾದ ಈ ದೇವಾಲಯದ ಇಂಗ್ಲಿಷ್ ಹೆಸರನ್ನು ಕನ್ನಡಿಸಿದರೆ ‘ವಿಮೋಚನೆಯ ದೇವಾಲಯ’ ಎಂದಾಗುತ್ತದೆ. ಆ ಹೆಸರಿನ ಹಿಂದಿರುವ ಕಲ್ಪನೆ ಮೂಲತಃ ಧರ್ಮಶಾಸ್ತ್ರದ್ದಲ್ಲ, ವ್ಯವಹಾರದ್ದು. ಒತ್ತೆಯಿಟ್ಟ ಒಡವೆಯನ್ನು ಹಣ ತೆತ್ತು ಬಿಡಿಸಿಕೊಳ್ಳುವುದು, ಸೆರೆಯಾಳನ್ನು ಬೆಲೆ ಕೊಟ್ಟು ಬಿಡಿಸುವುದು ಅದರ ಮೊದಲ ಅರ್ಥ. ಮಾರ್ಕನ ಸುವಾರ್ತೆಯಲ್ಲಿ (10:45) ಯೇಸು ತನ್ನ ಪ್ರಾಣವನ್ನು ಅನೇಕರ ಬಿಡುಗಡೆಗಾಗಿ ಕೊಡುವ ಮಾತನ್ನಾಡುವಲ್ಲಿ ಕನ್ನಡ ಬೈಬಲ್ಲು ‘ಈಡು’ ಎಂಬ ಅಚ್ಚಗನ್ನಡ ಶಬ್ದವನ್ನು ಬಳಸಿದೆ. ಸಾಲ, ಒತ್ತೆಗಳ ವ್ಯವಹಾರವನ್ನು ಬಲ್ಲವರಿಗೆ ಈಡು ಎಂದೊಡನೆ ಒಂದು ಪ್ರಶ್ನೆ ಏಳುತ್ತದೆ: ಈ ಈಡನ್ನು ಪಡೆದವರು ಯಾರು?

ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಆಚಾರ್ಯರಲ್ಲಿ ಹಲವರು ಇದಕ್ಕೆ ಕೊಟ್ಟ ಉತ್ತರ ಇಂದಿನ ವಾಚಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಪಾಪದ ಮೂಲಕ ಮಾನವಕುಲವು ಸೈತಾನನ ವಶವಾಗಿತ್ತು; ಆದುದರಿಂದ ಈಡು ಸಂದದ್ದು ಅವನಿಗೇ ಎಂದು ಅವರು ಹೇಳಿದರು. ಹಾಗೆ ಹೇಳಿದೊಡನೆ ಮತ್ತೊಂದು ತೊಡಕು ಎದುರಾಗುತ್ತದೆ. ತನ್ನ ಆಳ್ವಿಕೆಯ ನಾಶಕ್ಕೆ ಕಾರಣವಾಗಲಿದ್ದ ಮರಣವನ್ನು ಸೈತಾನನು ಒಪ್ಪಿದ್ದೇಕೆ? ಒಪ್ಪಿದ್ದಷ್ಟೇ ಅಲ್ಲದೆ ಯೂದನ ಹೃದಯವನ್ನು ಹೊಕ್ಕು ತಾನೇ ಅದನ್ನು ನಡೆಸಿದ್ದೇಕೆ? ಅಡವಿಯಲ್ಲಿ ಯೇಸುವನ್ನು ಕಷ್ಟದ ದಾರಿಯಿಂದ ತಿರುಗಿಸಲು ಯತ್ನಿಸಿದವನೂ ಅವನೇ, ಶಿಲುಬೆಯ ದಾರಿಗೆ ನೂಕಿದವನೂ ಅವನೇ ಎಂದಾದರೆ ಅವನಿಗೆ ನಿಜವಾಗಿ ಬೇಕಾಗಿದ್ದುದು ಏನು?

ಈ ಪ್ರಶ್ನೆ ಪಂಡಿತರ ವಿನೋದವೆಂದು ತಳ್ಳಿಹಾಕುವಂಥದಲ್ಲ. ಸೈತಾನನು ಮೋಸಹೋದನೆಂದರೆ ಮೋಸಮಾಡಿದವನು ದೇವರೆಂದಾಗುತ್ತದೆ. ಸೈತಾನನೇ ಎಲ್ಲವನ್ನೂ ನಡೆಸಿದನೆಂದರೆ ಯೂದ, ಕಾಯಫ, ಪಿಲಾತರು ಬರಿಯ ಸೂತ್ರದ ಗೊಂಬೆಗಳಾಗುತ್ತಾರೆ. ದೇವರ ಸತ್ಯಸಂಧತೆಯೂ ಮನುಷ್ಯರ ಹೊಣೆಯೂ ಈ ಒಂದು ಪಾತ್ರದ ಉದ್ದೇಶನಿರ್ಣಯವನ್ನು ಅವಲಂಬಿಸಿವೆ.

ಮೊದಲು ಆಧಾರಗಳನ್ನು ಗ್ರಂಥಗ್ರಂಥವಾಗಿ ಬೇರ್ಪಡಿಸಿ ನೋಡುವುದು ಯುಕ್ತ. ಅಡವಿಯ ಶೋಧನೆಯ ವಿಸ್ತಾರವಾದ ವೃತ್ತಾಂತವಿರುವುದು ಮತ್ತಾಯ ಮತ್ತು ಲೂಕರಲ್ಲಿ, ಇಬ್ಬರಲ್ಲಿಯೂ ನಾಲ್ಕನೆಯ ಅಧ್ಯಾಯದಲ್ಲಿ. 40 ದಿನಗಳ ಉಪವಾಸದ ತರುವಾಯ ಕಲ್ಲನ್ನು ರೊಟ್ಟಿಯಾಗಿಸೆಂಬ ಪ್ರಚೋದನೆ, ದೇವಾಲಯದ ತುದಿಯಿಂದ ಧುಮುಕೆಂಬ ಪ್ರಚೋದನೆ, ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲವನ್ನೂ ಕೊಡುವೆನೆಂಬ ಪ್ರಲೋಭನ, ಇವು ಮೂರೂ ಅಲ್ಲಿವೆ. ಕಡೆಯ ಎರಡರ ಅನುಕ್ರಮ ಮಾತ್ರ ಬೇರೆ. ಮಾರ್ಕನು ಇದನ್ನು ಎರಡೇ ವಾಕ್ಯಗಳಲ್ಲಿ ಮುಗಿಸುತ್ತಾನೆ. ಯೋಹಾನನಲ್ಲಿ ಈ ಪ್ರಸಂಗವೇ ಇಲ್ಲ. ಮುಂದೆ ಫಿಲಿಪ್ಪನ ಕೈಸರೈಯದ ಸೀಮೆಯಲ್ಲಿ ಯೇಸು ತನಗೆ ಒದಗಲಿರುವ ಮರಣವನ್ನು ತಿಳಿಸಿದಾಗ ಪೇತ್ರನು ಅಂಥದು ಬರಕೂಡದೆಂದು ತಡೆಯುತ್ತಾನೆ. ಯೇಸು ಅವನನ್ನೇ ಸೈತಾನನೆಂದು ಕರೆದು ಗದರಿಸುತ್ತಾನೆ. ಈ ಗದರಿಕೆ ಮತ್ತಾಯನಲ್ಲಿಯೂ (16:23) ಮಾರ್ಕನಲ್ಲಿಯೂ (8:33) ಇದೆ. ಅದೇ ಸಂದರ್ಭವನ್ನು ವರ್ಣಿಸುವ ಲೂಕನು ಪೇತ್ರನ ತಡೆಯನ್ನೂ ಹೇಳುವುದಿಲ್ಲ, ಗದರಿಕೆಯನ್ನೂ ಹೇಳುವುದಿಲ್ಲ.

ಯೂದನ ದ್ರೋಹದ ಪ್ರಸಂಗದಲ್ಲಿ ಸ್ಥಿತಿ ತಿರುಗುಮುರುಗಾಗುತ್ತದೆ. ಸೈತಾನನು ಯೂದನಲ್ಲಿ ಹೊಕ್ಕನೆಂದು ಹೇಳುವವರು ಲೂಕ (22:3) ಮತ್ತು ಯೋಹಾನ (13:27) ಇಬ್ಬರೇ. ಮತ್ತಾಯನು ಅಲ್ಲಿ ಸೈತಾನನ ಹೆಸರನ್ನೆತ್ತದೆ ಮೂವತ್ತು ಬೆಳ್ಳಿಯ ನಾಣ್ಯಗಳ ಲೆಕ್ಕವನ್ನು ಕೊಡುತ್ತಾನೆ. ಮಾರ್ಕನೂ ಹಣದ ಮಾತನ್ನಷ್ಟೇ ಆಡುತ್ತಾನೆ.

ಹೀಗೆ ಬಿಡಿಸಿ ನೋಡಿದಾಗ ಗಮನಾರ್ಹವಾದ ಸಂಗತಿಯೊಂದು ಹೊರಬೀಳುತ್ತದೆ. ಶಿಲುಬೆಯನ್ನು ತಪ್ಪಿಸಲು ಪೇತ್ರನ ಬಾಯಿಂದ ಮಾತನಾಡುವ ಸೈತಾನನೂ ಶಿಲುಬೆಯನ್ನು ತರಲು ಯೂದನನ್ನು ಹೊಗುವ ಸೈತಾನನೂ ಯಾವ ಒಂದು ಸುವಾರ್ತೆಯಲ್ಲಿಯೂ ಒಟ್ಟಿಗೆ ಬರುವುದಿಲ್ಲ. ಮತ್ತಾಯ, ಮಾರ್ಕರ ಸೈತಾನನು ಆದ್ಯಂತವಾಗಿ ತಡೆಯುವವನು. ಯೋಹಾನನ ಸೈತಾನನು ನೂಕುವವನು. ಲೂಕನಲ್ಲಿ ಅಡವಿಯ ಶೋಧಕನು ಸಮಯ ಬರುವವರೆಗೆ ಬಿಟ್ಟುಹೋಗಿ (4:13), ಆ ಸಮಯ ಬಂದಾಗ ಯೂದನ ಮೂಲಕ ಮರಳುತ್ತಾನೆ. ವಿರೋಧವು ತೀವ್ರವಾಗಿ ಕಾಣುವುದು ನಾಲ್ಕು ಗ್ರಂಥಗಳನ್ನು ಒಂದೇ ಕಥೆಯಾಗಿ ಹೆಣೆದಾಗ. ಆದರೆ ಸಭೆಯು ಅವನ್ನು ಸ್ವೀಕರಿಸಿದ್ದು ನಾಲ್ಕನ್ನೂ ಒಟ್ಟಾಗಿ. ಭಕ್ತರೂ ಕವಿಗಳೂ ಓದಿದ್ದು ಹಾಗೆಯೇ. ಆದುದರಿಂದ ಬೇರ್ಪಡಿಸಿದ ಮಾತ್ರಕ್ಕೆ ವಿಮರ್ಶೆಯ ಕೆಲಸ ಮುಗಿಯಲಿಲ್ಲ.

ಪ್ರಾಚೀನರ ಪರಿಹಾರ ಸೈತಾನನ ಅಜ್ಞಾನ. ಈ ಲೋಕದ ಅಧಿಕಾರಿಗಳು ದೇವರ ಗುಟ್ಟನ್ನು ಅರಿತಿದ್ದರೆ ಪ್ರಭುವನ್ನು ಶಿಲುಬೆಗೇರಿಸುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (2:8) ಸೂಚಿಸಿದ್ದಾನೆ. ಆ ಅಧಿಕಾರಿಗಳೆಂದರೆ ರೋಮಿನ ಆಳುವವರೋ ಅದೃಶ್ಯಶಕ್ತಿಗಳೋ ಎಂಬಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ಅಂತಿಯೋಕ್ಯದ ಇಗ್ನೇಷಿಯಸನು ಎರಡನೆಯ ಶತಮಾನದ ಆದಿಭಾಗದಲ್ಲಿಯೇ ಮರಿಯಳ ಕನ್ಯತ್ವ, ಅವಳ ಪ್ರಸವ, ಪ್ರಭುವಿನ ಮರಣ ಈ ಮೂರೂ ಈ ಯುಗದ ಒಡೆಯನಿಗೆ ಮರೆಯಾಗಿದ್ದುವೆಂದನು. ಮೂರನೆಯ ಶತಮಾನದ ಒರಿಜೆನನು ಈಡು ದುಷ್ಟನಿಗೇ ಸಂದಿತೆಂದೂ, ಆದರೆ ಪಡೆದುದನ್ನು ಹಿಡಿದಿಟ್ಟುಕೊಳ್ಳಲು ಅವನಿಂದಾಗಲಿಲ್ಲವೆಂದೂ ವಿವರಿಸಿದನು. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗರಿಯು ಈ ವಿಚಾರಕ್ಕೆ ಗಾಳದ ರೂಪಕವನ್ನು ಕೊಟ್ಟನು: ಮಾನವದೇಹವೆಂಬ ಎರೆಯನ್ನು ನುಂಗಿದ ಸೈತಾನನು ಅದರೊಳಗೆ ಅಡಗಿದ್ದ ದೈವತ್ವದ ಕೊಕ್ಕೆಗೆ ಸಿಕ್ಕಿದನು. ಅಗಸ್ಟೀನನ ಉಪದೇಶದಲ್ಲಿ ಗಾಳದ ಸ್ಥಾನಕ್ಕೆ ಇಲಿಯ ಬೋನು ಬಂದಿತು.

ಜನಪ್ರಿಯ ಕಥೆಗಳು ಇನ್ನೂ ಮುಂದೆ ಹೋದುವು. ನಿಕೊದೇಮನ ಹೆಸರಿನಲ್ಲಿ ಪ್ರಚಲಿತವಾದ ಸುವಾರ್ತೆಯಲ್ಲಿ ಪಾತಾಳದ ಒಡೆಯನು, ಇಂಥವನನ್ನು ಕಾರಣವಿಲ್ಲದೆ ಕೊಲ್ಲಿಸಿ ಇಲ್ಲಿಗೆ ತಂದೆಯಲ್ಲಾ ಎಂದು ಸೈತಾನನನ್ನು ಆಕ್ಷೇಪಿಸುತ್ತಾನೆ. ಒಂಬತ್ತನೆಯ ಶತಮಾನದ ಪ್ರಾಚೀನ ಸ್ಯಾಕ್ಸನ್ ಭಾಷೆಯ ‘ಹೇಲಿಯಾಂಡ್’ ಕಾವ್ಯದಲ್ಲಿ ಸೈತಾನನಿಗೆ ತಡವಾಗಿ ವಿವೇಕ ಬರುತ್ತದೆ. ಮರಣವನ್ನು ನಿಲ್ಲಿಸಲು ಅವನೇ ಪಿಲಾತನ ಹೆಂಡತಿಗೆ ಕನಸನ್ನು ಕಾಣಿಸುತ್ತಾನೆ. ಮತ್ತಾಯನಲ್ಲಿ (27:19) ಒಂದು ವಾಕ್ಯವಾಗಿ ಬಂದಿರುವ ಆ ಕನಸಿಗೆ ಹೀಗೆ ಕಾರಣವೊಂದು ದೊರಕಿತು. ತಡೆಯುವ ಸೈತಾನ, ನೂಕುವ ಸೈತಾನ ಇಬ್ಬರನ್ನೂ ಹೊಂದಿಸಲು ಕವಿಯು ಪಟ್ಟ ಪಾಡು ಇಲ್ಲಿ ಸ್ಪಷ್ಟ.

ಈ ಪರಿಹಾರದಲ್ಲಿ ದೋಷಗಳು ಎರಡು. ಮೊದಲನೆಯದು ದೇವರಿಗೆ ಅಂಟುವ ವಂಚನೆಯ ಕಲೆ. ಗ್ರೆಗರಿಯೇ ಇದನ್ನು ಮನಗಂಡು, ವಿಷವಿಕ್ಕುವವನೂ ವೈದ್ಯನೂ ಮದ್ದನ್ನು ಅಡಗಿಸಿ ಕೊಡುವುದುಂಟು, ಉದ್ದೇಶ ಮಾತ್ರ ಬೇರೆ ಎಂದು ಸಮಾಧಾನ ಹೇಳಿದನು. ಆ ಸಮಾಧಾನ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1098ರಲ್ಲಿ ಮುಗಿದ ತನ್ನ ಗ್ರಂಥದಲ್ಲಿ ಕ್ಯಾಂಟರ್ಬರಿಯ ಅನ್ಸೆಲ್ಮನು ಸೈತಾನನಿಗೆ ಮನುಷ್ಯನ ಮೇಲೆ ಯಾವ ಹಕ್ಕೂ ಇರಲಿಲ್ಲ, ಋಣವಿದ್ದುದು ದೇವರಿಗೆ ಎಂದು ವಾದಿಸಿ ಸೈತಾನನನ್ನು ಈ ಲೆಕ್ಕದಿಂದಲೇ ತೆಗೆದುಹಾಕಿದನು. ಸ್ವೀಡನಿನ ಗುಸ್ತಾಫ್ ಔಲೇನರು 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ವಿಜಯಕಲ್ಪನೆಗೆ ಮತ್ತೆ ಗೌರವವನ್ನು ತಂದುಕೊಟ್ಟರಾದರೂ ಗಾಳದ ರೂಪಕದ ಮುಜುಗರ ಉಳಿದೇ ಇದೆ. ಎರಡನೆಯ ದೋಷ ಕಥೆಯೊಳಗಿನದು. ಅಡವಿಯ ಸೈತಾನನು ಅಜ್ಞಾನಿಯಲ್ಲ. ಕೀರ್ತನೆಯನ್ನು ಉದ್ಧರಿಸಬಲ್ಲವನು, ದೇವಪುತ್ರತ್ವದ ಮಾತನ್ನೇ ಹಿಡಿದು ವಾದ ಹೂಡುವವನು. ದೆವ್ವಗಳೇ ಯೇಸುವನ್ನು ಗುರುತಿಸಿ ಕೂಗಿದುವೆಂದು ಮಾರ್ಕನು ಮೊದಲನೆಯ ಅಧ್ಯಾಯದಲ್ಲಿಯೇ ಹೇಳುತ್ತಾನೆ. ಹೀಗಿರಲು ಅವನಿಗೆ ತಿಳಿಯದೆ ಹೋದದ್ದು ಯೇಸು ಯಾರೆಂಬುದಲ್ಲ. ಬೇರೆ ಏನನ್ನೋ ಅವನು ಅರಿಯಲಾರದೆ ಹೋದನು.

ಅದು ಏನೆಂಬುದಕ್ಕೆ ಸೂಚನೆ ಹಳೆಯ ಒಡಂಬಡಿಕೆಯ ಯೋಬನ ಗ್ರಂಥದಲ್ಲಿ ದೊರೆಯುತ್ತದೆ. ಅಲ್ಲಿ ‘ಸೈತಾನ’ ಎಂಬುದು ಇನ್ನೂ ಅಂಕಿತನಾಮವಾಗಿಲ್ಲ. ಎದುರಾಳಿ, ಆಪಾದಿಸುವವನು ಎಂಬ ಅರ್ಥದ ಪದವಿವಾಚಕ. ದೇವರ ಒಡ್ಡೋಲಗದಲ್ಲಿ ಅವನು ಎತ್ತುವ ಆಕ್ಷೇಪ ಒಂದೇ: ಯೋಬನ ಭಕ್ತಿ ಪ್ರತಿಫಲವಿಲ್ಲದ ಭಕ್ತಿಯಲ್ಲ. ಕೊಟ್ಟಿರುವುದರಿಂದ ಭಜಿಸುತ್ತಾನೆ; ಕಿತ್ತುಕೊಂಡರೆ ಶಪಿಸುತ್ತಾನೆ. ಮೊದಲು ಸಂಪತ್ತನ್ನು, ಮಕ್ಕಳನ್ನು, ಆಮೇಲೆ ದೇಹಸ್ವಾಸ್ಥ್ಯವನ್ನು ಕಳೆದು ನೋಡುವುದು ಈ ಸಿದ್ಧಾಂತದ ಪರೀಕ್ಷೆಗಾಗಿ. ಯೋಬನ ನಷ್ಟವಾಗಲಿ ನೋವಾಗಲಿ ಅವನಿಗೆ ಗುರಿಯಲ್ಲ, ಸಾಧನ ಮಾತ್ರ. ಯಾರೂ ಯಾರನ್ನೂ ಬಿಟ್ಟಿಯಾಗಿ ಪ್ರೀತಿಸುವುದಿಲ್ಲವೆಂದು ಸಿದ್ಧವಾಗುವುದೇ ಅವನ ಗುರಿ.

ಈ ಸಿದ್ಧಾಂತವನ್ನು ಕೈಯಲ್ಲಿ ಹಿಡಿದು ಸುವಾರ್ತೆಗಳನ್ನು ಮತ್ತೆ ಓದಿದರೆ ಎರಡು ಸೈತಾನರೂ ಒಬ್ಬನೇ ಆಗುತ್ತಾರೆ. ಅಡವಿಯಲ್ಲಿ ಅವನು ಮುಂದಿಡುವ ಮೂರೂ ಪ್ರತಿಫಲಗಳೇ: ಹಸಿದವನಿಗೆ ಅನ್ನ, ಭಕ್ತನಿಗೆ ರಕ್ಷಣೆ, ಸೇವಕನಿಗೆ ರಾಜ್ಯ. ಮಗನೆಂಬ ಅಧಿಕಾರವನ್ನು ತನಗಾಗಿ ಒಂದು ಸಲ ಬಳಸಿಕೊಂಡರೆ ಸಾಕು, ಆಪಾದನೆ ಸಾಬೀತಾಗುತ್ತದೆ. ಕೊಡುವ ಮಾರ್ಗದಲ್ಲಿ ಸೋತ ಮೇಲೆ ಉಳಿಯುವುದು ಕಿತ್ತುಕೊಳ್ಳುವ ಮಾರ್ಗ. ಯೋಬನಿಗೆ ಸಂಪತ್ತು ಮೊದಲೇ ಇತ್ತು, ಪರೀಕ್ಷೆ ಕಳೆಯುವುದರಿಂದ ಆರಂಭವಾಯಿತು. ಯೇಸುವಿಗೆ ಮೊದಲು ನೀಡಿಕೆ, ಆಮೇಲೆ ಕಳೆತ. ಸ್ನೇಹಿತರು, ಮಾನ, ಬಟ್ಟೆ, ಕಡೆಗೆ ಪ್ರಾಣ ಒಂದೊಂದಾಗಿ ಹೋಗುತ್ತವೆ. ಯೂದನನ್ನು ಹೊಕ್ಕವನಿಗೆ ಬೇಕಾಗಿದ್ದುದು ಯೇಸುವಿನ ಮರಣವಲ್ಲ, ಮರಣದ ಮುಂದೆ ಯೇಸು ಹಿಮ್ಮೆಟ್ಟುವುದು.

ಇದಕ್ಕೆ ಪ್ರಬಲವಾದ ಸಾಕ್ಷಿ ಶಿಲುಬೆಯ ಬುಡದಲ್ಲಿದೆ. ಮತ್ತಾಯನಲ್ಲಿ (27:40) ದಾರಿಹೋಕರ ಮೂದಲಿಕೆಯು ದೇವಪುತ್ರತ್ವವನ್ನು ಷರತ್ತಾಗಿಟ್ಟು ಇಳಿದು ಬಾ ಎನ್ನುತ್ತದೆ. ಅಡವಿಯ ಶೋಧಕನು ವಾದ ಹೂಡಿದ್ದೂ ಅದೇ ಷರತ್ತಿನಿಂದ. ಲೂಕನಲ್ಲಿ ತನ್ನನ್ನು ತಾನು ಉಳಿಸಿಕೊಳ್ಳೆಂಬ ಮಾತು ಮೂರು ಬಾಯಿಗಳಿಂದ ಬರುತ್ತದೆ: ಅಧಿಕಾರಿಗಳು, ಸಿಪಾಯಿಗಳು, ಪಕ್ಕದಲ್ಲಿ ತೂಗುತ್ತಿದ್ದ ಅಪರಾಧಿ. ಅಡವಿಯಲ್ಲಿ ಶೋಧನೆ ಮೂರು, ಇಲ್ಲಿಯೂ ಮೂರು. ಶಿಲುಬೆಗೆ ನೂಕಿದ ಶಕ್ತಿಯೇ ಶಿಲುಬೆಯಿಂದ ಇಳಿ ಎನ್ನುತ್ತಿರುವುದರಲ್ಲಿ ವಿರೋಧವಿಲ್ಲ, ನೂಕಿದ್ದೇ ಇಳಿಸುವುದಕ್ಕಾಗಿ. ಇಳಿದಿದ್ದರೆ ಅವನು ಗೆಲ್ಲುತ್ತಿದ್ದನು. ಇಳಿಯಬಲ್ಲವನು ಇಳಿಯದೆ ಉಳಿದುದು ಅವನ ಸೋಲು. ಈ ಲೋಕದ ಒಡೆಯನು ಬರುತ್ತಾನೆ, ಆದರೆ ಅವನಿಗೆ ಸೇರತಕ್ಕದ್ದು ತನ್ನಲ್ಲಿ ಏನೂ ಇಲ್ಲ ಎಂಬ ಅರ್ಥದ ಮಾತನ್ನು ಯೋಹಾನನ ಯೇಸು (14:30) ಹಿಂದಿನ ರಾತ್ರಿಯೇ ಆಡಿರುತ್ತಾನೆ. ಬಾಕಿಯಿಲ್ಲದವನ ಮನೆಗೆ ವಸೂಲಿಗೆ ಹೋದವನ ಸ್ಥಿತಿ ಸೈತಾನನದು. ಅವನನ್ನು ದೇವರು ವಂಚಿಸಬೇಕಾದ ಅಗತ್ಯವೇ ಬೀಳಲಿಲ್ಲ. ಪ್ರತಿಯೊಂದು ಕೊಡುಗೆಯ ಎದುರಿಗೂ ಒಂದು ಪಡೆಯುವಿಕೆಯನ್ನು ಬರೆಯುವ ಅವನ ಲೆಕ್ಕದ ಪುಸ್ತಕದಲ್ಲಿ ಬರಿಯ ದಾನಕ್ಕೆ ಅಂಕಣವಿರಲಿಲ್ಲ. ಅವನು ಅರಿಯಲಾರದೆ ಹೋದದ್ದು ಇದನ್ನೇ.

ಸುವಾರ್ತಾಕಾರರು ಯೋಬನ ಹೆಸರನ್ನು ಈ ಸಂದರ್ಭದಲ್ಲಿ ಎತ್ತಿಲ್ಲವೆಂಬುದು ನಿಜ, ಇದು ಊಹೆಯೇ. ಆದರೆ ಲೂಕನಲ್ಲಿ (22:31) ಸೈತಾನನು ಶಿಷ್ಯರೆಲ್ಲರನ್ನೂ ಗೋದಿಯಂತೆ ಜರಡಿಯಾಡಲು ಕೇಳಿಕೊಂಡನೆಂಬ ಮಾತಿದೆ. ಒಡ್ಡೋಲಗದಲ್ಲಿ ಅನುಮತಿ ಬೇಡುವ ಯೋಬನ ಕಾಲದ ಸೈತಾನನ ಛಾಯೆ ಇಲ್ಲಿ ತಪ್ಪದೆ ಕಾಣುತ್ತದೆ. ಯೂದನ ಹೊಣೆಯ ಪ್ರಶ್ನೆಗೂ ಈ ಮಾತು ಬೆಳಕು ಚೆಲ್ಲುತ್ತದೆ. ಒಂದೇ ರಾತ್ರಿ ಒಂದೇ ಜರಡಿಯಲ್ಲಿ ಯೂದನೂ ಇದ್ದನು, ಪೇತ್ರನೂ ಇದ್ದನು. ಒಬ್ಬನಿಗೆ ಬೆಳ್ಳಿ, ಇನ್ನೊಬ್ಬನಿಗೆ ಭಯ. ಇಬ್ಬರೂ ಬಿದ್ದರು, ಒಬ್ಬನು ಅತ್ತು ಎದ್ದನು. ಸೈತಾನನು ಹೊಕ್ಕನೆಂಬ ಲೂಕನ ಮಾತೂ ಮೂವತ್ತು ನಾಣ್ಯಗಳೆಂಬ ಮತ್ತಾಯನ ಮಾತೂ ಒಂದೇ ಘಟನೆಯ ಎರಡು ಬರವಣಿಗೆಗಳು. ಮೊದಲನೆಯದು ಎರಡನೆಯದಕ್ಕೆ ಮಾಫಿಪತ್ರವಲ್ಲ.

ಇಲ್ಲಿ ಕನ್ನಡ ಅನುವಾದಕರ ಶಬ್ದವಿವೇಕವನ್ನು ನೆನೆಯಬೇಕು. ಬಳ್ಳಾರಿಯ ಜಾನ್ ಹ್ಯಾಂಡ್ಸರಿಂದ ಮೊದಲ್ಗೊಂಡು 19ನೆಯ ಶತಮಾನದುದ್ದಕ್ಕೂ ನಡೆದ ಬೈಬಲ್ ಅನುವಾದ, ಪರಿಷ್ಕರಣಗಳ ಪರಂಪರೆಯಲ್ಲಿ ಅಡವಿಯ ಪ್ರಸಂಗಕ್ಕೆ ನೆಲೆನಿಂತ ಮಾತು ‘ಶೋಧನೆ’. ಅದನ್ನು ಮಾಡುವವನು ‘ಶೋಧಕ’. ಮೂಲದ ಗ್ರೀಕ್ ಶಬ್ದಕ್ಕೆ ಆಸೆ ತೋರಿಸುವುದು, ಪರೀಕ್ಷಿಸುವುದು ಎಂಬೆರಡು ಅರ್ಥಗಳಿವೆ. ‘ಪ್ರಲೋಭನೆ’ಯೆಂದಿದ್ದರೆ ಮೊದಲನೆಯದು ಮಾತ್ರ ಉಳಿಯುತ್ತಿತ್ತು. ಕನ್ನಡದಲ್ಲಿ ಶೋಧಿಸುವುದೆಂದರೆ ಹುಡುಕುವುದು, ಪರೀಕ್ಷಿಸುವುದು, ಶುದ್ಧಿಮಾಡುವುದು. ಅಡುಗೆಮನೆಯಲ್ಲಿ ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುವುದೂ ಅದೇ ಮಾತು. ಕೆಡಿಸಲು ಬಂದವನ ಕೆಲಸವೇ ಸೋಸುವ ಕೆಲಸವಾಗಿ ಮುಗಿಯಿತೆಂಬ ಕಥೆಯ ವ್ಯಂಗ್ಯವು ಈ ಶಬ್ದದಲ್ಲಿ ಅಡಗಿದೆ.

ಕನ್ನಡ ವಾಚಕರಿಗೆ ಶೋಧಕನ ಪಾತ್ರ ಹೊಸದೂ ಅಲ್ಲ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದ ವಿಶ್ವಾಮಿತ್ರನು ಇಂದ್ರಸಭೆಯಲ್ಲಿ ವಸಿಷ್ಠನೊಡನೆ ಹೂಡಿದ ಪಂಥಕ್ಕಾಗಿ ಅರಸನನ್ನು ಕಾಡುತ್ತಾನೆ. ಅಲ್ಲಿಯೂ ಮೊದಲು ಒಲಿಸುವ ಉಪಾಯವಾಗಿ ಗಾನರಾಣಿಯರು ಬರುತ್ತಾರೆ. ಅದು ಫಲಿಸದಿರಲು ರಾಜ್ಯ, ಹೆಂಡತಿ, ಮಗ ಒಂದೊಂದಾಗಿ ಕಳೆಯುತ್ತಾರೆ. ಸ್ಮಶಾನವು ವಿಶ್ವಾಮಿತ್ರನ ಗುರಿಯಲ್ಲ. ಸ್ಮಶಾನದಲ್ಲಿ ಒಂದು ಸುಳ್ಳು ಅವನ ಗುರಿ. ಬೌದ್ಧ ಪರಂಪರೆಯ ಮಾರನ ನಡತೆಯೂ ಗಮನಾರ್ಹ. ಅಶ್ವಘೋಷನ ‘ಬುದ್ಧಚರಿತ’ದ ಹದಿಮೂರನೆಯ ಸರ್ಗದಲ್ಲಿ ಬೋಧಿಯನ್ನು ತಡೆಯಲು ಬರುವ ಮಾರನೇ ಮಹಾಪರಿನಿರ್ವಾಣ ಸೂತ್ರದಲ್ಲಿ ವೈಶಾಲಿಯ ಚಾಪಾಲ ಚೈತ್ಯದ ಬಳಿ ಬಂದು ಬುದ್ಧನಿಗೆ ಪರಿನಿರ್ವಾಣದ ಕಾಲವಾಯಿತೆಂದು ಅವಸರಪಡಿಸುತ್ತಾನೆ. ಮೊದಲು ತಡೆ, ಆಮೇಲೆ ತ್ವರೆ. ಉದ್ದೇಶ ಒಂದೇ, ತನ್ನ ಆಳ್ವಿಕೆಯ ರಕ್ಷಣೆ. ಭೇದವೂ ಇದೆ. ವಿಶ್ವಾಮಿತ್ರನು ಸೋತು ತನ್ನ ತಪಃಫಲವನ್ನೇ ಧಾರೆಯೆರೆದು ಹಿರಿಯನಾಗುತ್ತಾನೆ. ಸುವಾರ್ತೆಯ ಸೈತಾನನಿಗೆ ಸೋತು ಒಪ್ಪಿಕೊಳ್ಳುವ ಭಾಗ್ಯವಿಲ್ಲ. ಒಪ್ಪಿಕೊಂಡರೆ ಅವನು ಸೈತಾನನಾಗಿ ಉಳಿಯುವುದಿಲ್ಲ.

ಕವಿಗಳು ಈ ವಸ್ತುವನ್ನು ಹೇಗೆ ಹಂಚಿಕೊಂಡರೆಂಬುದು ಕುತೂಹಲಕರ. 1671ರಲ್ಲಿ ಪ್ರಕಟವಾದ ಮಿಲ್ಟನನ ‘ಪ್ಯಾರಡೈಸ್ ರಿಗೇನ್ಡ್’ ಕಾವ್ಯವು ಯೇಸುವಿನ ದೀಕ್ಷಾಸ್ನಾನದಿಂದ ಆರಂಭವಾಗಿ ಲೂಕನ ಅನುಕ್ರಮದಂತೆ ದೇವಾಲಯದ ತುದಿಯಲ್ಲಿ ಮುಗಿಯುತ್ತದೆ. ಶಿಲುಬೆಯನ್ನು ಅದು ವರ್ಣಿಸುವುದೇ ಇಲ್ಲ. ಶೋಧನೆ ಸೋತಲ್ಲಿಗೆ ಸ್ವರ್ಗ ಮರಳಿ ದೊರೆತಂತಾಯಿತೆಂಬುದು ಕವಿಯ ನಿಲವು. ಮಂಜೇಶ್ವರದ ಗೋವಿಂದ ಪೈಗಳದು ಇದಕ್ಕೆ ಪ್ರತಿಯಾದ ಆಯ್ಕೆ. ಅವರ ‘ಗೊಲ್ಗೊಥಾ’ ಖಂಡಕಾವ್ಯದ ವಸ್ತು ಕ್ರಿಸ್ತನ ಕಡೆಯ ದಿನ. ಅಡವಿಯ ವೃತ್ತಾಂತ ಅದರ ಕಾಲಪರಿಮಿತಿಯ ಹೊರಗೆ ಉಳಿಯುತ್ತದೆ. ಕಡೆಯ ದಿನವನ್ನೇ ಆರಿಸಿಕೊಂಡ ಕವಿಗೆ ಶೋಧಕನನ್ನು ಮನುಷ್ಯರ ಬಾಯಲ್ಲಿಯೇ ಕೇಳಬೇಕಾದ ಅನಿವಾರ್ಯವಿದೆ, ಏಕೆಂದರೆ ಆ ದಿನ ಗೊಲ್ಗೊಥಾದಲ್ಲಿ ಸೈತಾನನು ಸ್ವರೂಪದಿಂದ ನಿಂತನೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಇದು ಕೊರತೆಯಲ್ಲ. ವಸ್ತುವಿನ ಭಯಂಕರತೆ ಹೆಚ್ಚುವುದು ಇದರಿಂದಲೇ.

ಗೋವಿಂದ ಪೈಗಳು ಕ್ರಿಸ್ತನ ಅಂತ್ಯದೊಡನೆ ‘ವೈಶಾಖಿ’ಯಲ್ಲಿ ಬುದ್ಧನ ಅಂತ್ಯವನ್ನೂ ಹಾಡಿದರು; ಗಾಂಧೀಜಿಯವರ ಅಂತ್ಯವನ್ನು ‘ದೆಹಲಿ’ಯೆಂಬ ಹೆಸರಿನಲ್ಲಿ ಕಾವ್ಯವಸ್ತುವಾಗಿ ಎತ್ತಿಕೊಂಡರು. ಈ ನೆರೆಹೊರೆಯೇ ಒಂದು ವ್ಯಾಖ್ಯಾನ. 1948ರ ಜನವರಿ 30ರಂದು ಈ ನಗರದಲ್ಲಿ ನಡೆದ ಕೊಲೆಗೆ ಸೈತಾನನನ್ನು ಯಾರೂ ಹೊಣೆಮಾಡಲಿಲ್ಲ. ಕೆಂಪುಕೋಟೆಯಲ್ಲಿ ಸೇರಿದ ನ್ಯಾಯಾಲಯವು ಮನುಷ್ಯರನ್ನೇ ವಿಚಾರಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ಯೇಸುವಿನ ಮರಣದ ಹೊಣೆಯನ್ನು ಸೈತಾನನ ಮೇಲೂ ಅವನ ಮಕ್ಕಳೆಂದು ಹಣೆಪಟ್ಟಿ ಹಚ್ಚಿದ ಇಡೀ ಜನಾಂಗದ ಮೇಲೂ ಹೊರಿಸಿದ ಓದು ಯೂರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರನ್ನು ಕಾಡಿತು. ಆ ಮರಣದ ಅಪರಾಧವನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸತಕ್ಕದ್ದಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಪಾತ್ರವೊಂದರ ಉದ್ದೇಶವನ್ನು ತಪ್ಪಾಗಿ ಓದಿದುದರ ದಂಡವನ್ನು ಜೀವಂತ ಮನುಷ್ಯರು ತೆರಬೇಕಾಗಿ ಬಂದುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಶೋಧಕನು ಕೇಳುವುದು ಪ್ರಶ್ನೆಯನ್ನು ಮಾತ್ರ. ಉತ್ತರ ಕೊಡುವವರು ಮನುಷ್ಯರು. ಯೂದನೂ ಪಿಲಾತನೂ ಪೇತ್ರನೂ ತಮ್ಮ ತಮ್ಮ ಉತ್ತರವನ್ನು ಕೊಟ್ಟರು. ಅವುಗಳ ಲೆಕ್ಕ ಅವರವರ ಹೆಸರಿನಲ್ಲಿಯೇ ಇರಬೇಕು. ಇನ್ನು ಮೊದಲು ಕೇಳಿದ ಪ್ರಶ್ನೆ, ಈಡನ್ನು ಪಡೆದವರಾರೆಂಬುದು. ಈ ವಿವೇಚನೆ ಸರಿಯಾದರೆ ಸೈತಾನನ ಕೈಯಲ್ಲಿ ಒತ್ತೆಯ ಪತ್ರವೇ ಇರಲಿಲ್ಲ. ಅವನ ಬಳಿ ಇದ್ದುದು ಮನುಷ್ಯರ ಮೇಲಿನ ಆಪಾದನೆಯೊಂದು. ಅದಕ್ಕೆ ಉತ್ತರವಾಗಿ ಒಬ್ಬನು ಶಿಲುಬೆಯಿಂದ ಇಳಿಯದೆ ಉಳಿದನು.